ಕಟ್ಟು ತಲುಪಲಿಲ್ಲವೆಂಬ ದೂರು

ಮನೆಯಲ್ಲಿ ತಯಾರಾದ ಪದಾರ್ಥವನ್ನು ದೂರದ ಊರಿನವರಿಗೆ ಮಾರಿ ಸಂಸಾರದ ಆದಾಯಕ್ಕೆ ನಾಲ್ಕು ಕಾಸು ಕೂಡಿಸಿಕೊಳ್ಳುವ ಕುಟುಂಬಗಳು ಈಗ ನಮ್ಮ ನಾಡಿನಲ್ಲಿ ವಿರಳವಲ್ಲ. ಇದಕ್ಕೆ ಅಂಗಡಿ ಬೇಕಿಲ್ಲ, ಬಾಡಿಗೆ ಬೇಕಿಲ್ಲ; ಕೈಯಲ್ಲೊಂದು ಮೊಬೈಲ್ ಫೋನೂ ಹತ್ತಿರದಲ್ಲೊಂದು ಅಂಚೆಕಚೇರಿಯೂ ಇದ್ದರೆ ಮಲೆನಾಡಿನ ಹಪ್ಪಳ ಮುಂಬಯಿಗೂ ಇಳಕಲ್ಲಿನ ಸೀರೆ ದೆಹಲಿಗೂ ಹೋಗಿ ಸೇರುತ್ತವೆ. ಪದಾರ್ಥವನ್ನು ಮಾಡುವ ಬಗೆಯನ್ನೂ ಬೆಲೆ ಕಟ್ಟುವ ಬಗೆಯನ್ನೂ ಹೇಳಿಕೊಡುವವರು ಬಹು ಮಂದಿ ಇದ್ದಾರೆ. ಆದರೆ, "ಹಣ ಕೊಟ್ಟು ಹದಿನೈದು ದಿನವಾಯಿತು, ಸಾಮಾನು ಬಂದಿಲ್ಲ" ಎಂದು ಒಂದು ಬೆಳಿಗ್ಗೆ ಗಿರಾಕಿಯಿಂದ ಒಕ್ಕಣೆ ಬಂದಾಗ ಏನು ಮಾಡತಕ್ಕದ್ದೆಂಬುದನ್ನು ಹೇಳುವವರು ಕಡಮೆ. ಈ ವಿಷಯದಲ್ಲಿ ನಾವು ಪೆಟ್ಟು ತಿಂದು ಕಲಿತದ್ದನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ಮನೆಯಲ್ಲಿ ಬೇಸಗೆ ಬಂದರೆ ಅತ್ತಿಗೆಯವರು ಹಲಸಿನ ಹಪ್ಪಳ ಮಾಡುತ್ತಾರೆ. ಬಲಿತ ಕಾಯಿಯ ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಚಾಪೆಯ ಮೇಲೆ ಹರವಿ ಒಣಗಿಸುವ ದುಡಿಮೆಯೆಲ್ಲ ಅವರದು. ಕಟ್ಟು ಕಟ್ಟುವುದು, ವಿಳಾಸ ಬರೆಯುವುದು, ಗಿರಾಕಿಗಳಿಗೆ ಉತ್ತರ ಕೊಡುವುದು ನಮ್ಮ ಪಾಲಿನದು. ನೂರು ಹಪ್ಪಳದ ಕಟ್ಟಿಗೆ 650 ರೂಪಾಯಿ. ಒಂದು ಕಟ್ಟು ಕಳೆದರೆ ಮೂರು ಕಟ್ಟಿನ ಲಾಭವೂ ಅದರೊಡನೆ ಹೋದಂತೆಯೇ ಸರಿ. ಇದನ್ನು ಮೊದಲೇ ಹೇಳುವುದೇಕೆಂದರೆ, ಮುಂದೆ ಹೇಳಲಿರುವ ನಮ್ಮ ತಪ್ಪಿಗೆ ಈ ಭಯವೇ ಮೂಲ.

ಬೆಂಗಳೂರಿನ ಒಬ್ಬ ವೃದ್ಧ ಮಹಿಳೆ, ಶಾಲೆಯ ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು, ಪರದೇಶಕ್ಕೆ ಹೊರಟಿದ್ದ ಮಗಳಿಗೆಂದು ಎರಡು ಕಟ್ಟು ತರಿಸಿದರು. ಎಂಟನೆಯ ದಿನ "ಇನ್ನೂ ಬಂದಿಲ್ಲ" ಎಂದು ಬರೆದರು. ನಾವು ಸಾಗಾಣಿಕೆಯ ದಾಖಲೆಯನ್ನು ತೆಗೆದು ನೋಡಿದೆವು. ಬಟವಾಡೆಯಾಗಿದೆಯೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಆ ದಾಖಲೆಯ ಚಿತ್ರವನ್ನೇ ಅವರಿಗೆ ಕಳುಹಿಸಿ, "ಮೂರು ದಿನದ ಹಿಂದೆಯೇ ನಿಮ್ಮ ಮನೆಯಲ್ಲಿ ತೆಗೆದುಕೊಂಡಿದ್ದಾರೆ, ವಿಚಾರಿಸಿಕೊಳ್ಳಿ" ಎಂದು ಬರೆದೆವು. ಅವರಿಂದ ಮರುಮಾತಿಲ್ಲ. ಅತ್ತಿಗೆಯವರು ಅದನ್ನು ಓದಿ, "ನೀನು ಬರೆದದ್ದು ಉತ್ತರವೋ, ಪಾಟೀಸವಾಲೋ?" ಎಂದರು. ನಾವು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹನ್ನೊಂದು ದಿನ ಕಳೆದ ಮೇಲೆ ಆ ತಾಯಿಯೇ ಫೋನು ಮಾಡಿದರು. "ನಿಮ್ಮ ಹಪ್ಪಳ ಬಂತಪ್ಪ. ಬೇರೆ ರಸ್ತೆಯ ಮನೆಗೆ ಹೋಗಿತ್ತಂತೆ. ಅವರು ಊರಿಂದ ಬಂದವರು ತಂದುಕೊಟ್ಟರು. ನಿಮಗೂ ಚಿಂತೆಯಾಗಿತ್ತೋ ಏನೋ ಎಂದು ಹೇಳಿದೆ" ಎಂದರು. ಮಗಳು ಅಷ್ಟರಲ್ಲಿ ವಿಮಾನ ಹತ್ತಿಯಾಗಿತ್ತು. ಕಟ್ಟಿನ ಮೇಲಿನ ವಿಳಾಸದ ಚಿತ್ರವನ್ನೂ ಅವರು ಕಳುಹಿಸಿದ್ದರು. ನೋಡಿದರೆ ಅಕ್ಷರ ನಮ್ಮದೇ: ಅವರು ಕೊಟ್ಟದ್ದು 3ನೆಯ ಮೈನ್, 4ನೆಯ ಕ್ರಾಸ್, ನಾವು ಬರೆದದ್ದು 4ನೆಯ ಮೈನ್, 3ನೆಯ ಕ್ರಾಸ್. ಬೆಂಗಳೂರಿನ ಬಡಾವಣೆಗಳಲ್ಲಿ ಎರಡೂ ಇರುತ್ತವೆ. ಎರಡರಲ್ಲಿಯೂ ಅದೇ ನಂಬರಿನ ಮನೆಯೂ ಇರಬಹುದು. ಕಟ್ಟು ನಾವು ಹೇಳಿದ ಮನೆಗೇ ಹೋಗಿತ್ತು. ದಾಖಲೆಯಲ್ಲಿ ಸುಳ್ಳಿರಲಿಲ್ಲ, ಆ ತಾಯಿಯ ಮಾತಿನಲ್ಲಿಯೂ ಸುಳ್ಳಿರಲಿಲ್ಲ.

ಅಂದಿನಿಂದ ನಾವು ಒಂದು ಮಾತನ್ನು ಗಟ್ಟಿಮಾಡಿಕೊಂಡೆವು. ಸಾಗಿಸುವವರೊಡನೆ ಕರಾರು ಮಾಡಿಕೊಂಡು ಹಣ ಕೊಟ್ಟವರು ನಾವು, ಗಿರಾಕಿಯಲ್ಲ; ರಸೀದಿ ಇರುವುದು ನಮ್ಮ ಹತ್ತಿರ. ಆದಕಾರಣ ಹುಡುಕುವ ಹೊಣೆಯೂ ನಮ್ಮದೇ. "ಅಂಚೆಗೆ ಹಾಕಿದ ಮೇಲೆ ನಮ್ಮ ಕೆಲಸ ಮುಗಿಯಿತು" ಎನ್ನುವವರಿಗೆ ಕಾನೂನಿನ ಆಸರೆ ಸ್ವಲ್ಪ ಇಲ್ಲದಿಲ್ಲ. 1930ರ ಸರಕು ಮಾರಾಟ ಕಾಯಿದೆಯ 39ನೆಯ ಕಲಮಿನ ಪ್ರಕಾರ, ಸಾಗಿಸುವವನಿಗೆ ಸರಕನ್ನು ಒಪ್ಪಿಸಿದರೆ ಕೊಳ್ಳುವವನಿಗೇ ಒಪ್ಪಿಸಿದಂತೆ ಎಂದು ಮೇಲುನೋಟಕ್ಕೆ ಭಾವಿಸಲಾಗುತ್ತದೆ. ಆದರೆ ಸರಕಿನ ಸ್ವರೂಪಕ್ಕೆ ತಕ್ಕ ಏರ್ಪಾಡನ್ನು ಮಾರುವವನು ಸಾಗಿಸುವವನೊಡನೆ ಮಾಡಿಕೊಂಡಿರಬೇಕೆಂದು ಅದೇ ಕಲಮು ಹೇಳುತ್ತದೆ. ಮೇಲಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ಅನುಸರಿಸಿ 2020ರಲ್ಲಿ ಹೊರಟ ಇ-ವಾಣಿಜ್ಯ ನಿಯಮಗಳು ಈಗ ನಡೆಯುತ್ತಿವೆ. ಅಂತರ್ಜಾಲದ ಮಾರುಕಟ್ಟೆಗಳಲ್ಲಿ ಕ್ರಮವಾಗಿ ವ್ಯಾಪಾರ ಮಾಡುವವನು ದೂರು ಬಂದ 48 ಗಂಟೆಗಳೊಳಗೆ ಅದು ಮುಟ್ಟಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೇಳಿದ ಅವಧಿಗಿಂತ ತಡವಾಗಿ ತಲುಪಿದ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆನ್ನುವಂತಿಲ್ಲ, ತಡಕ್ಕೆ ಕಾರಣ ಮನುಷ್ಯಯತ್ನವನ್ನು ಮೀರಿದ ಆಪತ್ತಾಗಿದ್ದ ಹೊರತು. ಉತ್ತರ ಸಿಕ್ಕದ ಗಿರಾಕಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಕಾನೂನಿನ ಮಾತು ಇಷ್ಟು ಸಾಕು. ಹಪ್ಪಳದ ವ್ಯಾಪಾರ ನಡೆಯುವುದು ವಿಶ್ವಾಸದ ಮೇಲೆ.

ದೂರು ಬಂದ ದಿನವೇ ನಾವೀಗ ಬರೆಯುವ ಉತ್ತರ ಚಿಕ್ಕದು: "ನಿಮ್ಮ ಒಕ್ಕಣೆ ಮುಟ್ಟಿತು. ಕಟ್ಟನ್ನು ಇಂಥ ದಿನ ಕಳುಹಿಸಿದ್ದೇವೆ, ಅದರ ಸಂಖ್ಯೆ ಇದು. ನಾವು ವಿಚಾರಿಸಿ ನಾಡಿದ್ದು ಸಂಜೆಯೊಳಗೆ ತಿಳಿಸುತ್ತೇವೆ." ದಿನವನ್ನು ಹೇಳಿದ ಮೇಲೆ ಆ ದಿನ ತಪ್ಪದೆ ಬರೆಯಬೇಕು, ಹೇಳುವುದಕ್ಕೆ ಹೊಸದೇನೂ ಇಲ್ಲದಿದ್ದರೂ. ಸಾಮಾನು ತಡವಾದುದಕ್ಕಿಂತ ಮಾತು ನಿಂತುಹೋದುದೇ ಗಿರಾಕಿಯ ಮನಸ್ಸನ್ನು ಕೆಡಿಸುವುದನ್ನು ನಾವು ಹಲವು ಸಲ ಕಂಡಿದ್ದೇವೆ.

ಆಮೇಲೆ ವಿಚಾರಣೆ. ಇದನ್ನು ನಮ್ಮ ಮನೆಯಿಂದಲೇ ಆರಂಭಿಸುತ್ತೇವೆ. ಸ್ಪೀಡ್ ಪೋಸ್ಟಿನ ಸಂಖ್ಯೆಗೆ ಹದಿಮೂರು ಸ್ಥಾನ: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಭಾರತವನ್ನು ಸೂಚಿಸುವ ಎರಡು ಅಕ್ಷರ. ಒಂಬತ್ತನೆಯ ಅಂಕಿಯು ಮೊದಲಿನ ಎಂಟರಿಂದ ಲೆಕ್ಕ ಹಾಕಿ ತೆಗೆದ ತಾಳೆಯ ಅಂಕಿ. ಗಿರಾಕಿಗೆ ತಿಳಿಸುವಾಗ ಒಂದಂಕಿ ತಪ್ಪಿದರೂ ಅವರಿಗೆ ಕಟ್ಟಿನ ಸುಳಿವು ಸಿಕ್ಕುವುದಿಲ್ಲ. ಮಾರುವವನು ಕಳುಹಿಸಿಯೇ ಇಲ್ಲವೆಂದು ಅವರು ಶಂಕಿಸಿದರೆ ಆಶ್ಚರ್ಯವೇನು? ಆದ್ದರಿಂದ ಈಗ ರಸೀದಿಯ ಚಿತ್ರವನ್ನೇ ಕಳುಹಿಸುತ್ತೇವೆ.

ಅನಂತರ ಪಿನ್ ಸಂಖ್ಯೆ. 1972ರ ಆಗಸ್ಟ್ 15ರಂದು ಆರಂಭವಾದ ಈ ಆರಂಕಿಯ ಪದ್ಧತಿಯಲ್ಲಿ ಮೊದಲ ಮೂರು ಅಂಕಿಗಳು ಕಾಗದಪತ್ರಗಳನ್ನು ವಿಂಗಡಿಸುವ ಜಿಲ್ಲೆಯನ್ನೂ, ಉಳಿದ ಮೂರು ಬಟವಾಡೆಯ ಕಚೇರಿಯನ್ನೂ ಸೂಚಿಸುತ್ತವೆ. 560004 ಎಂದರೆ ಬೆಂಗಳೂರಿನ ಬಸವನಗುಡಿ. ಎರಡನೆಯ ಅಂಕಿ ಆರಕ್ಕೆ ಬದಲು ಎಂಟಾದರೆ ಕಟ್ಟು ಧಾರವಾಡದ ದಾರಿ ಹಿಡಿಯುತ್ತದೆ. ಊರಿನ ಹೆಸರು ಸರಿಯಾಗಿಯೇ ಬರೆದಿದ್ದರೂ ವಿಂಗಡಿಸುವವರ ಕಣ್ಣು ಮೊದಲು ಬೀಳುವುದು ಅಂಕಿಯ ಮೇಲೆ. ಹಾಗೆ ಸುತ್ತಾಡಿದ ಕಟ್ಟು ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ, ತಡವಾಗುತ್ತದೆ ಅಷ್ಟೆ.

ದಾಖಲೆಯಲ್ಲಿ "ಬಾಗಿಲು ಹಾಕಿತ್ತು" ಎಂದಿದ್ದರೆ ಗಿರಾಕಿಯು ತಮ್ಮ ಅಂಚೆಕಚೇರಿಗೆ ಬೇಗ ಹೋಗಿ ಕೇಳಬೇಕು. ಕೆಲವು ದಿನ ಕಾದು ಕಟ್ಟನ್ನು ಹಿಂದಕ್ಕೆ ಕಳುಹಿಸಿಬಿಡುತ್ತಾರೆ. "ಬಟವಾಡೆಯಾಗಿದೆ" ಎಂದಿದ್ದರೆ ಕೇಳುವ ಬಗೆ ನಯವಾಗಿರಬೇಕು. "ನಿಮ್ಮ ಮನೆಯವರು ತೆಗೆದುಕೊಂಡಿರಬೇಕು" ಎನ್ನುವುದಕ್ಕೂ, "ಕಾವಲುಗಾರರ ಕೋಣೆಯಲ್ಲಿಯೋ ನೆರೆಮನೆಯಲ್ಲಿಯೋ ಇಟ್ಟುಹೋಗಿರಬಹುದೆ, ದಯಮಾಡಿ ನೋಡುವಿರಾ?" ಎನ್ನುವುದಕ್ಕೂ ಇರುವ ಅಂತರ ದೊಡ್ಡದು. ನಗರಗಳ ವಸತಿಗೃಹಗಳಲ್ಲಿ ಕಾವಲುಗಾರರ ಕೋಣೆಯೇ ಅರ್ಧ ಅಂಚೆಕಚೇರಿ.

ಹುಡುಕಿದರೂ ಸಿಕ್ಕದಿದ್ದರೆ? ನಾವು ಹೇಳಿದ ಅವಧಿ ಕಳೆದು ಹತ್ತು ದಿನವಾದ ಮೇಲೆ, ಇನ್ನೊಂದು ಕಟ್ಟು ಬೇಕೋ ಹಣ ಬೇಕೋ ಎಂದು ಗಿರಾಕಿಯನ್ನೇ ಕೇಳುತ್ತೇವೆ. ಸಾಗಿಸಿದವರ ಮೇಲಿನ ನಮ್ಮ ಫಿರ್ಯಾದು ಅದರ ಪಾಡಿಗೆ ನಡೆಯುತ್ತಿರುತ್ತದೆ. ಅದು ತೀರ್ಮಾನವಾಗುವ ತನಕ ಗಿರಾಕಿಯನ್ನು ಕಾಯಿಸುವುದು ನ್ಯಾಯವಲ್ಲ. ಇದಕ್ಕೆಂದು ಪ್ರತಿಯೊಂದು ಕಟ್ಟಿನ ಬೆಲೆಯಿಂದ ಹತ್ತು ರೂಪಾಯಿಯನ್ನು ಅತ್ತಿಗೆಯವರು ಬೇರೆ ಡಬ್ಬಿಯಲ್ಲಿ ಹಾಕಿಡುತ್ತಾರೆ. ಹಣ ಹಿಂದಕ್ಕೆ ಕೊಟ್ಟ ಮೇಲೆ ಮೂರು ಸಲ ಕಟ್ಟು ತಡವಾಗಿ ಹೋಗಿ ತಲುಪಿತು. ಇಬ್ಬರು ತಾವಾಗಿಯೇ ಹಣ ಕಳುಹಿಸಿದರು; ಮೂರನೆಯವರು ಕಳುಹಿಸಲಿಲ್ಲ, ನಾವೂ ಕೇಳಲಿಲ್ಲ.

ಮೋಸಗಾರರು ಇಲ್ಲವೆ ಎಂದು ವಾಚಕರು ಕೇಳಬಹುದು. ಇದ್ದಾರೆ. ಒಬ್ಬ ಮಹಾಶಯರಿಗೆ ಎರಡು ಸಲವೂ ಕಟ್ಟು "ತಲುಪಲಿಲ್ಲ". ಮೊದಲನೆಯ ಸಲ ಹಣ ಕೊಟ್ಟೆವು, ಎರಡನೆಯ ಸಲವೂ ಕೊಟ್ಟೆವು. ಮೂರನೆಯ ಸಲ ಅವರು ಕೇಳಿದಾಗ, ಗುಪ್ತಸಂಖ್ಯೆಯನ್ನು ಹೇಳಿದರೆ ಮಾತ್ರ ಬಟವಾಡೆಯಾಗುವಂತೆ ಕಳುಹಿಸುವುದಾಗಿ ಬರೆದೆವು. ಅವರಿಗೆ ಹಪ್ಪಳದ ಆಸೆ ಅಲ್ಲಿಗೆ ತೀರಿತು. ಹಳೆಯ ರಿಜಿಸ್ಟರ್ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ, ವಿಳಾಸದಾರರ ಕೈಗೇ ಕೊಡುವ ನೋಂದಣಿಗೂ, ಫೋನಿಗೆ ಬರುವ ಗುಪ್ತಸಂಖ್ಯೆಯ ಮೇಲೆ ಕೊಡುವ ಏರ್ಪಾಡಿಗೂ ತಲಾ ಐದು ರೂಪಾಯಿಯೂ ಅದರ ಮೇಲಣ ತೆರಿಗೆಯೂ ನಿಗದಿಯಾದವು. ಬೆಲೆಯುಳ್ಳ ಸಾಮಾನಿಗೆ ಈ ಐದು ರೂಪಾಯಿಯನ್ನು ಉಳಿಸಬಾರದು. ವಿಮೆಯನ್ನೂ ಮಾಡಿಸುವುದು ಲೇಸು.

ಕಟ್ಟಿಗಾಗಿ ಕಾಯುತ್ತಿರುವವರನ್ನು ಗುರಿಯಿಟ್ಟು ಇನ್ನೊಂದು ಕೇಡು ಹುಟ್ಟಿಕೊಂಡಿದೆ. "ವಿಳಾಸ ಸರಿಯಿಲ್ಲದೆ ನಿಮ್ಮ ಪಾರ್ಸೆಲ್ಲು ನಿಂತಿದೆ, ಇಲ್ಲಿ ಒತ್ತಿ ಸ್ವಲ್ಪ ಹಣ ಕಟ್ಟಿರಿ" ಎಂಬ ಸುಳ್ಳು ಸಂದೇಶ ಅಂಚೆಯವರ ಹೆಸರಿನಲ್ಲಿ ಫೋನಿಗೆ ಬರುತ್ತದೆ. ಒತ್ತಿದವರ ಬ್ಯಾಂಕಿನ ಹಣಕ್ಕೆ ಅಪಾಯ. ಇದನ್ನು ಒತ್ತಬೇಡಿರೆಂದು ಕಟ್ಟು ಕಳುಹಿಸಿದ ದಿನವೇ ಗಿರಾಕಿಗಳಿಗೆ ಒಂದು ಸಾಲು ಬರೆದುಬಿಡುತ್ತೇವೆ.

ಆ ಉಪಾಧ್ಯಾಯಿನಿಗೆ ನಾವು ಕ್ಷಮೆ ಕೇಳಿ ಹಣವನ್ನು ಹಿಂದಕ್ಕೆ ಕಳುಹಿಸಿದೆವು. ಹಪ್ಪಳ ಚೆನ್ನಾಗಿದೆಯೆಂದು ಹೇಳಿ ಅವರು ಅದನ್ನು ಒಪ್ಪದೆ ಮರಳಿಸಿದರು. ಆಮೇಲೆ ಅವರು ಹಪ್ಪಳ ತರಿಸಿಲ್ಲ. ಈಗ ವಿಳಾಸವನ್ನು ನಾವು ಬರೆದ ಮೇಲೆ ಅತ್ತಿಗೆಯವರು ಗಟ್ಟಿಯಾಗಿ ಓದುತ್ತಾರೆ, ನಾವು ಗಿರಾಕಿಯ ಒಕ್ಕಣೆಯೊಡನೆ ತಾಳೆ ನೋಡುತ್ತೇವೆ. ಇದನ್ನು ಬರೆಯುತ್ತಿರುವಾಗ ಕಲಬುರಗಿಗೆ ಹೋದ ಒಂದು ಕಟ್ಟು ಮೂರು ದಿನದಿಂದ ಒಂದೇ ಕಡೆ ನಿಂತಿರುವಂತೆ ದಾಖಲೆಯಲ್ಲಿ ಕಾಣುತ್ತಿದೆ. ಅಲ್ಲಿಯ ಗಿರಾಕಿ ಇನ್ನೂ ಏನೂ ಕೇಳಿಲ್ಲ. ನಿನ್ನೆ ನಾವೇ ಬರೆದು ತಿಳಿಸಿದ್ದೇವೆ.