ಬಿಲ್ವವೋ, ಬೇಲವೋ? ಹೆಸರಿನ ಹಿಂದಿನ ಮರವನ್ನು ಅರಿಯೋಣ

ಇಷ್ಟಲಿಂಗ ಪೂಜೆಗೆ ಕುಳಿತಾಗ ವಿಭೂತಿಯ ಪಕ್ಕದಲ್ಲಿ ಬಿಲ್ವಪತ್ರೆಯೂ ಇರಬೇಕೆಂಬುದು ನಮ್ಮ ಮನೆಗಳ ರೂಢಿ. ಆದರೆ ನಾವು ಏರಿಸುವ ದಳ ನಿಜವಾಗಿಯೂ ಬಿಲ್ವದ್ದೇ? ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಂಥ ಬಯಲುಸೀಮೆಯ ಊರುಗಳ ಮಣ್ಣಿಗೆ ಬಿಲ್ವವೂ ಒಗ್ಗುತ್ತದೆ, ಬೇಲವೂ ಒಗ್ಗುತ್ತದೆ. ಎರಡೂ ಮುಳ್ಳಿನ ಮರಗಳು. ಎರಡರ ಕಾಯಿಯೂ ದುಂಡು, ಸಿಪ್ಪೆ ಬಲು ಗಟ್ಟಿ. ಎರಡೂ ನಿಂಬೆಯ ಕುಟುಂಬಕ್ಕೆ ಸೇರಿದವು. ಹೆಸರುಗಳೂ ಕಿವಿಗೆ ಹತ್ತಿರ. ಗೊಂದಲಕ್ಕೆ ಇಷ್ಟು ಸಾಕು.

ಭಾಷೆ ಬದಲಾದರೆ ಗೊಂದಲ ಇಮ್ಮಡಿಯಾಗುತ್ತದೆ. ಹಿಂದಿಯವರು 'ಬೇಲ್' ಎನ್ನುವುದು ನಮ್ಮ ಬಿಲ್ವವನ್ನು. ನಮ್ಮ ಬೇಲ ಅವರಿಗೆ 'ಕೈಥ್', ಸಂಸ್ಕೃತದಲ್ಲಿ ಕಪಿತ್ಥ. ಇಂಗ್ಲಿಷಿನ 'ವುಡ್ ಆಪಲ್' ಎರಡಕ್ಕೂ ಸಲ್ಲುತ್ತದೆ. ಮನೆಮದ್ದಿನ ಹಿಂದಿ ಪುಸ್ತಕದ 'ಬೇಲ್' ಕನ್ನಡದಲ್ಲಿ ಬೇಲವಾಗಿಬಿಟ್ಟರೆ, ತಾಯಿಯು ಮಗುವಿಗೆ ತೇದು ಕೊಡುವುದು ಬೇರೊಂದು ಮರದ ಕಾಯಿಯನ್ನು!

ಇದನ್ನು ತಪ್ಪಿಸಲೆಂದೇ ಸಸ್ಯಶಾಸ್ತ್ರದಲ್ಲಿ ಒಂದೊಂದು ಸಸ್ಯಕ್ಕೂ ಎರಡು ಪದಗಳ ಹೆಸರುಂಟು. ಮೊದಲನೆಯದು ಕುಲವನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ. ಬಿಲ್ವವು 'ಈಗಲ್ ಮಾರ್ಮೆಲೋಸ್'. ಬೇಲವು 'ಲಿಮೋನಿಯ ಅಸಿಡಿಸ್ಸಿಮ'. 1753ರಲ್ಲಿ ಈ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸನೇ ಬಿಲ್ವವನ್ನು ವರುಣ ವೃಕ್ಷದ ಕುಲವಾದ 'ಕ್ರಟೀವ'ಕ್ಕೆ ಸೇರಿಸಿದ್ದನು. ವರುಣದ ಎಲೆಗೂ ಮೂರೇ ದಳ! 1800ರಲ್ಲಿ ಪೋರ್ಚುಗೀಸ್ ವಿದ್ವಾಂಸ ಕೊರೆಯ ಅದನ್ನು ಈಗಿನ ಕುಲಕ್ಕೆ ತಂದನು.

ಗುರುತುಗಳು ಕಷ್ಟವಲ್ಲ. ಬಿಲ್ವದ ಎಲೆಗೆ ಸಾಮಾನ್ಯವಾಗಿ ಮೂರು ದಳ, ಹಿಸುಕಿದರೆ ಸುವಾಸನೆ, ಕಾಯಿ ನುಣುಪು, ಹಣ್ಣಿನ ತಿರುಳು ಕಿತ್ತಳೆ ಬಣ್ಣ, ಸಿಹಿ. ಬೇಲದ ಒಂದೇ ಕಡ್ಡಿಗೆ ಸಾಮಾನ್ಯವಾಗಿ ಐದರಿಂದ ಏಳು ಕಿರುದಳ. ಕಾಯಿ ಬೂದುಬಿಳುಪು, ಒರಟು. ತಿರುಳು ಕಂದು, ಹುಳಿ. ರಾಮನವಮಿಯ ಪಾನಕಕ್ಕೆ ಒದಗುವುದು ಇದೇ. ವರುಣಕ್ಕೆ ಮುಳ್ಳಿಲ್ಲ.

ಜಾಲಿಯ ಕಥೆಯೂ ಹೀಗೆಯೇ. ಕೆರೆಯಂಗಳದ ಕರಿಜಾಲಿ ನಮ್ಮ ನಾಡಿನದು. 'ಬಳ್ಳಾರಿ ಜಾಲಿ' ಹೆಸರಿಗಷ್ಟೇ ಬಳ್ಳಾರಿಯದು, ಅದರ ತವರು ಅಮೆರಿಕ ಖಂಡ.

ಊರಿನ ಹೆಸರು ಹೀನವೆಂದು ನಾವು ಹೇಳುತ್ತಿಲ್ಲ. ಅದು ಹಿರಿಯರು ನಮಗೆ ಬಿಟ್ಟುಹೋದ ಸಂಪತ್ತು. ಆದರೆ ಮನೆಯಂಗಳದಲ್ಲಿ ಸಸಿ ನೆಡುವಾಗ, ಅಂಗಡಿಯಲ್ಲಿ ಮೂಲಿಕೆ ಕೊಳ್ಳುವಾಗ ಪ್ರಭೇದದ ಹೆಸರನ್ನೂ ಕೇಳೋಣ. ಮಗುವಿಗೆ ಭೇದಿಯಾದಾಗ ಮನೆಮದ್ದನ್ನೇ ನೆಚ್ಚದೆ ವೈದ್ಯರಲ್ಲಿಗೆ ಒಯ್ಯೋಣ. ಭಕ್ತಿಯೊಡನೆ ಅರಿವೂ ಕೂಡಿದರೆ ಪತ್ರೆ ಏರಿಸುವ ಕೈಗೆ ಮತ್ತಷ್ಟು ಶೋಭೆ.