ಬೊಜ್ಜು ಮೊದಲೋ, ಯಕೃತ್ತು ಮೊದಲೋ?

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆಯ ಹಿರಿಯರಿಗೆ ಹಗೇವು ಎಂದರೇನೆಂದು ವಿವರಿಸಬೇಕಾದುದಿಲ್ಲ. ನೆಲವನ್ನು ಆಳವಾಗಿ ತೋಡಿ, ಜೋಳವನ್ನು ತುಂಬಿ, ಬಾಯನ್ನು ಮಣ್ಣಿನಿಂದ ಭದ್ರವಾಗಿ ಮುಚ್ಚಿದರೆ ಮಳೆ ಕೈಕೊಟ್ಟ ವರ್ಷಕ್ಕೆ ಅದೇ ಆಧಾರವಾಗುತ್ತಿದ್ದಿತು. ನಮ್ಮ ಶರೀರದಲ್ಲಿಯೂ ಇಂಥ ಹಗೇವುಗಳುಂಟು. ಉಂಡ ಆಹಾರದಲ್ಲಿ ಅಂದಂದಿನ ದುಡಿಮೆಗೆ ಬೇಕಾದುದು ವೆಚ್ಚವಾಗಿ, ಮಿಕ್ಕುದು ಕೊಬ್ಬಾಗಿ ಮಾರ್ಪಟ್ಟು ಚರ್ಮದ ಕೆಳಗಿನ ಮೇದಸ್ಸಿನಲ್ಲಿ ಸಂಗ್ರಹವಾಗುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಹಗೇವು ತುಂಬಿದ ಮೇಲೂ ಸುಗ್ಗಿಯು ನಿಲ್ಲದೆ ಬರುತ್ತಿದ್ದರೆ ಗತಿಯೇನು? ಚೀಲಗಳನ್ನು ಮೊದಲು ಪಡಸಾಲೆಯಲ್ಲಿ, ಆಮೇಲೆ ಅಡುಗೆಮನೆಯಲ್ಲಿಯೂ ಒಟ್ಟಬೇಕಾಗುತ್ತದೆ. ಅಡುಗೆಮನೆಯಲ್ಲಿ ಕಾಲಿಡಲು ಎಡೆಯಿಲ್ಲದಿದ್ದರೆ ಅಡುಗೆ ಸಾಗುವುದೆಂತು?

ಶರೀರದ ಅಡುಗೆಮನೆಯೆಂದರೆ ಯಕೃತ್ತು, ಅಥವಾ ಪಿತ್ತಜನಕಾಂಗ. ಬಲಪಕ್ಕೆಯ ಕೆಳಗೆ ಅಡಗಿರುವ, ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಈ ಅಂಗವು ಕರುಳಿನಿಂದ ಬಂದ ಆಹಾರಸಾರದ ಬಹುಭಾಗವನ್ನು ಮೊದಲು ತಾನು ಪಡೆದು, ಹದಗೊಳಿಸಿ, ಶರೀರಕ್ಕೆ ಬಡಿಸುತ್ತದೆ. ರಕ್ತವು ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ತಯಾರಿಸುವುದೂ, ವಿಷಗಳನ್ನು ನಿವಾರಿಸುವುದೂ ಇದರ ಕೆಲಸವೇ. ಯಕೃತ್ತಿನ ಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವು ಕೊಬ್ಬಿನ ಹನಿಗಳಿಂದ ತುಂಬಿದರೆ ಅದು ರೋಗದ ಮೊದಲ ಮೆಟ್ಟಿಲು. ಸ್ಕ್ಯಾನಿಂಗ್ ವರದಿಗಳಲ್ಲಿ 'ಫ್ಯಾಟಿ ಲಿವರ್' ಎಂದು ಬರೆದಿರುವುದು ಇದನ್ನೇ. ಬಹುಮಂದಿಯಲ್ಲಿ ರೋಗವು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಕೊಬ್ಬಿನಿಂದ ಉರಿಯೂತ, ಉರಿಯೂತದಿಂದ ಗಾಯ, ಗಾಯದಿಂದ ನಾರು, ಹೀಗೆ ವರ್ಷಗಟ್ಟಲೆ ಮುಂದುವರಿದು ಮೃದುವಾದ ಅಂಗವು ಗಂಟುಗಂಟಾಗಿ ಗಡುಸಾಗುತ್ತದೆ. ಇದೇ ಸಿರೋಸಿಸ್. ಈ ಬೇನೆಯು ಕುಡುಕರಿಗೆ ಮಾತ್ರ ಬರುವುದೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿದೆ. ಜನ್ಮದಲ್ಲಿ ಹೆಂಡವನ್ನು ಮುಟ್ಟದವರೂ ಈ ಕಾರಣದಿಂದ ರೋಗವನ್ನು ಮುಚ್ಚಿಟ್ಟು, ವೈದ್ಯರ ಬಳಿಗೆ ತಡವಾಗಿ ಹೋಗುವುದುಂಟು. ಇದು ತುಂಬ ಶೋಚನೀಯವಾದ ಸಂಗತಿ.

ಪೂರ್ಣವಾಗಿ ಕೆಟ್ಟ ಯಕೃತ್ತಿಗೆ ಉಳಿದಿರುವ ಉಪಾಯವೆಂದರೆ ಕಸಿ. ಹಾನಗಲ್ಲಿನ ಮಾವಿನ ತೋಟಗಳನ್ನು ಕಂಡವರಿಗೆ ಕಸಿಯೆಂಬ ಮಾತು ಹೊಸದಲ್ಲ. ಮನುಷ್ಯರಲ್ಲಿ ಇದನ್ನು ಅಮೆರಿಕದ ಡೆನ್ವರಿನಲ್ಲಿ ಥಾಮಸ್ ಸ್ಟಾರ್ಜ್ಲ್ ಎಂಬ ಶಸ್ತ್ರವೈದ್ಯರು ೧೯೬೩ರಲ್ಲಿ ಮೊದಲು ಪ್ರಯತ್ನಿಸಿದರು. ೧೯೬೭ರಲ್ಲಿ ಯಶಸ್ಸು ಕಂಡರು. ಭಾರತದಲ್ಲಿ ಅದು ಸಿದ್ಧಿಸಿದುದು ೧೯೯೮ರಲ್ಲಿ, ದೆಹಲಿಯಲ್ಲಿ. ಮಾವಿನ ಕಸಿಗಾರನು ಕಸಿಗೆ ಆಧಾರವಾಗುವ ಗಿಡದ ಬೇರು, ಕಾಂಡಗಳನ್ನು ಪರೀಕ್ಷಿಸದೆ ಕತ್ತಿ ಹಾಕುವುದಿಲ್ಲ. ಹಾಗೆಯೇ ಶಸ್ತ್ರವೈದ್ಯನು ಹೊಸ ಯಕೃತ್ತನ್ನು ಪಡೆಯಲಿರುವ ಶರೀರವನ್ನು ಮೊದಲು ನೋಡುತ್ತಾನೆ. ಆ ಶರೀರವು ಅತಿಸ್ಥೂಲವಾಗಿದ್ದರೆ ತೊಡಕು ಹುಟ್ಟುತ್ತದೆ.

ಶಿಗ್ಗಾವಿಯ ಕಡೆಯ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳೋಣ. ವಯಸ್ಸು ಐವತ್ತು, ಎತ್ತರ ೧.೬೫ ಮೀಟರು, ತೂಕ ೧೧೨ ಕಿಲೋಗ್ರಾಂ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ದೇಹತೂಕದ ಸೂಚ್ಯಂಕವೆಂದು ಹೆಸರು. ಭಾರತೀಯರಲ್ಲಿ ಇದು ೨೫ನ್ನು ಮುಟ್ಟಿದರೆ ಬೊಜ್ಜೆಂದು ಎಣಿಸುತ್ತಾರೆ. ೪೦ನ್ನು ದಾಟಿದರೆ ಕಸಿ ಮಾಡಲು ಅನೇಕ ಆಸ್ಪತ್ರೆಗಳು ಹಿಂಜರಿಯುತ್ತವೆ. ನಮ್ಮ ಗೃಹಸ್ಥನ ಸೂಚ್ಯಂಕ ೪೧. ಹಾಗಾದರೆ ಆತನಿಗೆ ಬಾಗಿಲು ಮುಚ್ಚಿತೆ? ಅವಸರ ಬೇಡ. ಯಕೃತ್ತು ಕೆಟ್ಟವರ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ, ಇದು ಜಲೋದರ. ತಕ್ಕಡಿಗೆ ನೀರು ಯಾವುದು, ಕೊಬ್ಬು ಯಾವುದು ಎಂಬುದು ತಿಳಿಯದು. ಆತನ ಹೊಟ್ಟೆಯಿಂದ ಹಂತಹಂತವಾಗಿ ೧೨ ಲೀಟರು ನೀರನ್ನು ತೆಗೆದರೆಂದು ಇಟ್ಟುಕೊಂಡರೆ ತೂಕ ೧೦೦ ಕಿಲೋಗ್ರಾಮಿಗೆ, ಸೂಚ್ಯಂಕ ೩೭ಕ್ಕಿಂತ ಕೆಳಗೆ ಇಳಿಯಿತು! ಇದಕ್ಕೆ ಪ್ರತಿಯಾಗಿ, ದಪ್ಪನಾಗಿ ಕಾಣುವ ಆತನ ತೋಳುತೊಡೆಗಳ ಸ್ನಾಯುಗಳು ಒಳಗೊಳಗೇ ಸೊರಗಿರುವುದೂ ಉಂಟು. ಆದುದರಿಂದ ಬಲ್ಲ ವೈದ್ಯರು ಒಂದು ಸಂಖ್ಯೆಯನ್ನೇ ನೆಚ್ಚಿ ತೀರ್ಪು ಕೊಡುವುದಿಲ್ಲ.

ಆದರೂ ೩೭ ಎಂಬುದು ಸಣ್ಣ ಸಂಖ್ಯೆಯಲ್ಲ. ಸ್ಥೂಲ ಶರೀರದಲ್ಲಿ ಶಸ್ತ್ರಕ್ರಿಯೆ ಕಠಿನ, ಗಾಯ ಕೀವಾಗುವ ಭಯ ಹೆಚ್ಚು, ಜೊತೆಗೆ ಸಿಹಿಮೂತ್ರ, ಹೃದ್ರೋಗಗಳ ಕಾಟ. ಇದಕ್ಕಿಂತ ಮುಖ್ಯವಾದುದೆಂದರೆ, ಯಕೃತ್ತನ್ನು ಕೆಡಿಸಿದ ಮೂಲಕಾರಣ ಹಾಗೆಯೇ ಉಳಿದರೆ ಹೊಸ ಯಕೃತ್ತಿನಲ್ಲಿಯೂ ಕೊಬ್ಬು ಮತ್ತೆ ಸೇರಬಹುದು. ಕಸಿಯ ಬಳಿಕ ಕೊಡುವ ಸ್ಟೀರಾಯ್ಡು ಮೊದಲಾದ ಔಷಧಗಳು ತೂಕವನ್ನು ಹೆಚ್ಚಿಸಿ ಇದಕ್ಕೆ ಇಂಬು ಕೊಡುತ್ತವೆ.

"ಹಾಗಿದ್ದರೆ ಮೊದಲು ಬೊಜ್ಜಿನ ಶಸ್ತ್ರಕ್ರಿಯೆಯನ್ನೇ ಮಾಡಿ ತೂಕ ಇಳಿಸಬಾರದೇಕೆ?" ಎಂದು ವಾಚಕರು ಕೇಳಬಹುದು. ಇಲ್ಲಿಯೇ ಇರುವುದು ಇಕ್ಕಟ್ಟು. ಗಡುಸಾದ ಯಕೃತ್ತಿನ ಮೂಲಕ ಕರುಳಿನ ರಕ್ತವು ಸರಾಗವಾಗಿ ಹರಿಯಲಾರದೆ ಹಿಂದಕ್ಕೆ ಒತ್ತಿ, ಜಠರದ ಸುತ್ತಲಿನ ಸಿರೆಗಳು ಉಬ್ಬಿಕೊಂಡಿರುತ್ತವೆ. ಶಸ್ತ್ರವೈದ್ಯನ ಕತ್ತಿ ಆಡಬೇಕಾದುದು ಅಲ್ಲಿಯೇ. ರಕ್ತವೋ ಸುಲಭವಾಗಿ ಹೆಪ್ಪುಗಟ್ಟದು. ಸಿರೋಸಿಸ್ ಇದ್ದೂ ಯಕೃತ್ತು ಇನ್ನೂ ಕೆಲಸವನ್ನು ತೂಗಿಸುತ್ತಿರುವ ರೋಗಿಗೆ, ಅನುಭವಸ್ಥರ ಕೈಯಲ್ಲಿ, ಈ ಶಸ್ತ್ರಕ್ರಿಯೆ ಸಾಧ್ಯ. ಜಲೋದರ, ರಕ್ತವಾಂತಿ, ಬುದ್ಧಿಭ್ರಮಣೆಗಳು ಕಾಣಿಸಿಕೊಂಡವನಿಗೆ ಪ್ರಾಣಾಪಾಯವೇ ಹೆಚ್ಚು. ಕಸಿಗೆ ಅತಿಯಾಗಿ ದಪ್ಪ, ತೂಕ ಇಳಿಸುವ ಶಸ್ತ್ರಕ್ರಿಯೆಗೆ ಅತಿಯಾಗಿ ಅಶಕ್ತ: ರೋಗಿಯು ಎರಡು ಬಾಗಿಲುಗಳ ನಡುವೆ ನಿಂತಂತಾಯಿತು.

ಈ ಶಸ್ತ್ರಕ್ರಿಯೆಯ ಚರಿತ್ರೆಯಲ್ಲಿಯೇ ಒಂದು ಎಚ್ಚರಿಕೆಯುಂಟು. ೧೯೫೪ರಲ್ಲಿ ಅಮೆರಿಕದ ಮಿನ್ನೆಸೋಟದ ಕ್ರೆಮೆನ್, ಲಿನ್ನರ್ ಮೊದಲಾದವರು ಸಣ್ಣಕರುಳಿನ ಬಹುಭಾಗವನ್ನು ಬಳಸುದಾರಿಯಿಂದ ತಪ್ಪಿಸುವ ಕ್ರಮವನ್ನು ವರದಿಮಾಡಿದರು. ತೂಕವೇನೋ ಇಳಿಯಿತು, ಆದರೆ ಮುಂದಿನ ವರ್ಷಗಳಲ್ಲಿ ಈ ಬಗೆಯ ಶಸ್ತ್ರಕ್ರಿಯೆಗೆ ಒಳಗಾದ ಕೆಲವರ ಯಕೃತ್ತೇ ಕೆಟ್ಟುಹೋಯಿತು. ಬೊಜ್ಜು ಕಳೆಯಲು ಹೋಗಿ ಯಕೃತ್ತನ್ನು ಕಳೆದುಕೊಂಡಂತಾಗಿ ಆ ಕ್ರಮವನ್ನು ಕೈಬಿಡಬೇಕಾಯಿತು. ಈಗ ಕಸಿಯ ರೋಗಿಗಳಲ್ಲಿ ಹೆಚ್ಚಾಗಿ ಅನುಸರಿಸುವುದು ಬೇರೆಯ ಕ್ರಮ. ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಅಂಗಿಯ ತೋಳಿನಂಥ ಕಿರಿದಾದ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ಹುಟ್ಟುವುದು ಆ ತೆಗೆದ ಭಾಗದಲ್ಲಿ. ಆದುದರಿಂದ ಹೊಟ್ಟೆಯೂ ಚಿಕ್ಕದು, ಹಸಿವೂ ಕಡಿಮೆ. ಕರುಳಿನ ದಾರಿ ಬದಲಾಗದ ಕಾರಣ ಔಷಧಗಳು ಎಂದಿನಂತೆ ರಕ್ತಕ್ಕೆ ಸೇರುತ್ತವೆ. ಮುಂದೆ ಪಿತ್ತನಾಳದಲ್ಲಿ ಅಡಚಣೆಯಾದರೆ, ಕಸಿಯಾದವರಲ್ಲಿ ಇದು ಅಪರೂಪವಲ್ಲ, ಬಾಯಿಂದಲೇ ದುರ್ಬೀನಿನ ಕೊಳವೆಯನ್ನು ಇಳಿಸಿ ಸರಿಪಡಿಸಬಹುದು. ಬಳಸುದಾರಿಯ ಶಸ್ತ್ರಕ್ರಿಯೆಯಾಗಿದ್ದರೆ ಅಲ್ಲಿಗೆ ತಲುಪುವುದೇ ಕಷ್ಟ.

ಎರಡನ್ನೂ ಒಂದೇ ಸಲ ಮಾಡಿದರೆ ಹೇಗೆ? ಅಮೆರಿಕದ ಮೇಯೊ ಕ್ಲಿನಿಕ್ಕಿನ ಜೂಲಿ ಹೈಮ್‌ಬಾಕ್ ಮತ್ತು ಸಂಗಡಿಗರು ೨೦೧೩ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಪಥ್ಯ, ವ್ಯಾಯಾಮಗಳಿಂದಲೇ ತೂಕ ಇಳಿಸಿಕೊಂಡು ಕಸಿಗೆ ಒಳಗಾದವರು ಒಂದು ಗುಂಪು. ಹಾಗೆ ಇಳಿಸಲಾರದೆ, ಕಸಿಯಾದ ಮೇಜಿನ ಮೇಲೆಯೇ ಜಠರವನ್ನೂ ಕಿರಿದುಗೊಳಿಸಿಕೊಂಡ ಏಳು ಮಂದಿ ಇನ್ನೊಂದು ಗುಂಪು. ಮೊದಲ ಗುಂಪಿನಲ್ಲಿ ಮುಂದೆ ಪರೀಕ್ಷಿಸಿದ ೩೪ ಮಂದಿಯಲ್ಲಿ ೨೧ ಮಂದಿಯ ಸೂಚ್ಯಂಕ ಮತ್ತೆ ೩೫ನ್ನು ದಾಟಿತ್ತು. ಏಳು ಮಂದಿಯ ಹೊಸ ಯಕೃತ್ತಿನಲ್ಲಿ ಕೊಬ್ಬು ಕಾಣಿಸಿಕೊಂಡಿತ್ತು. ಎರಡನೆಯ ಗುಂಪಿನಲ್ಲಿ ಸರಾಸರಿ ಸೂಚ್ಯಂಕ ೨೯ಕ್ಕೆ ಇಳಿದಿತ್ತು. ಯಾರ ಯಕೃತ್ತಿನಲ್ಲಿಯೂ ಕೊಬ್ಬಿರಲಿಲ್ಲ, ಯಾರೂ ಸತ್ತಿರಲಿಲ್ಲ. ಆದರೆ ಒಬ್ಬನ ಜಠರದ ಹೊಲಿಗೆ ಸೋರಿತು. ಇನ್ನೊಬ್ಬನು ಬೇಕಾದುದಕ್ಕಿಂತ ಹೆಚ್ಚು ಕೃಶನಾದನು. ಏಳು ಮಂದಿಯ ಅನುಭವದ ಮೇಲೆ ಜಯಭೇರಿ ಹೊಡೆಯುವುದು ವಿವೇಕವಲ್ಲವೆಂದೇ ನಮ್ಮ ಅಭಿಪ್ರಾಯ. ಕಸಿಯಾಗಿ ಚೇತರಿಸಿಕೊಂಡ ಮೇಲೆ ಜಠರದ ಶಸ್ತ್ರಕ್ರಿಯೆ ಮಾಡುವವರೂ ಉಂಟು. ಆಗ ರೋಗಿ ಗಟ್ಟಿಯಾಗಿರುತ್ತಾನೆ. ಆದರೆ ಹಳೆಯ ಗಾಯದಿಂದ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹೊಸ ಗಾಯವು ಬೇಗ ಮಾಯುವುದಿಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವುಂಟು. ಇಲ್ಲಿ ನಡೆಯುವ ಯಕೃತ್ತಿನ ಕಸಿಗಳಲ್ಲಿ ಹೆಚ್ಚಿನವು ಬದುಕಿರುವ ದಾನಿಗಳಿಂದಲೇ. ೧೯೯೪ರ ಕಾಯಿದೆಯಂತೆ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು ಮೊದಲಾದ ಹತ್ತಿರದ ನೆಂಟರು ತಮ್ಮ ಯಕೃತ್ತಿನ ಒಂದು ಭಾಗವನ್ನು ಕೊಡಬಹುದು. ಕೊಟ್ಟವರಲ್ಲಿ ಉಳಿದ ಭಾಗವು ಕೆಲವು ತಿಂಗಳಲ್ಲಿ ಬೆಳೆದುಕೊಳ್ಳುತ್ತದೆ. ಆದರೆ ಕೊಡುವ ತುಂಡು ಸಾಮಾನ್ಯವಾಗಿ ರೋಗಿಯ ತೂಕದ ನೂರಕ್ಕೆ ೦.೮ರಷ್ಟಾದರೂ ಇರಬೇಕು. ನಮ್ಮ ಗೃಹಸ್ಥನ ತೂಕ ೧೦೦ ಕಿಲೋಗ್ರಾಂ ಆದುದರಿಂದ ಆತನಿಗೆ ೮೦೦ ಗ್ರಾಮಿನ ತುಂಡು ಬೇಕು. ಐವತ್ತು ಕಿಲೋಗ್ರಾಂ ತೂಗುವ ಆತನ ಹೆಂಡತಿಯ ಇಡೀ ಯಕೃತ್ತೇ ಸುಮಾರು ಒಂದು ಕಿಲೋಗ್ರಾಂ. ಅದರಲ್ಲಿ ೮೦೦ ಗ್ರಾಂ ತೆಗೆದರೆ ಆಕೆ ಬದುಕುವಂತಿಲ್ಲ. ಮೇದಸ್ಸಿಗೆ ಅಷ್ಟು ಯಕೃತ್ತು ಬೇಕಾಗದೆಂದು ಈ ಲೆಕ್ಕವನ್ನು ತುಸು ಸಡಿಲಿಸುವ ವೈದ್ಯರೂ ಇದ್ದಾರೆ. ಆದರೂ ರೋಗಿಯು ಇಳಿಸಿದ ಪ್ರತಿ ಹತ್ತು ಕಿಲೋಗ್ರಾಮಿಗೆ ದಾನಿಯು ೮೦ ಗ್ರಾಮಿನಷ್ಟು ಕಡಿಮೆ ಕೊಟ್ಟರೆ ಸಾಕಾಗುತ್ತದೆ ಎಂಬುದು ಗಮನಾರ್ಹ.

ಇನ್ನು ಮಗನು ಕೊಡಲು ಮುಂದೆ ಬಂದನೆನ್ನೋಣ. ಒಂದೇ ಮನೆಯ ಊಟ, ಒಂದೇ ವಂಶದ ಮೈಕಟ್ಟು. ಮೂವತ್ತರ ಮಗನ ಯಕೃತ್ತಿನಲ್ಲಿಯೂ ಕೊಬ್ಬು ಸೇರಿರುವುದು ಪರೀಕ್ಷೆಯಲ್ಲಿ ಹೊರಬೀಳುವುದುಂಟು. ಅದು ನೂರಕ್ಕೆ ಮೂವತ್ತನ್ನು ಮೀರಿದ್ದರೆ ಅಂಥ ಯಕೃತ್ತನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ತಂದೆಯನ್ನು ಉಳಿಸಲೆಂದು ಹಿರೇಕೆರೂರಿನಿಂದಲೋ ಸವಣೂರಿನಿಂದಲೋ ಬೆಂಗಳೂರಿಗೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ಪ್ರಯಾಣಮಾಡಿ ಬಂದ ಯುವಕನಿಗೆ, ಯಾವ ಬೇನೆಯೂ ಇಲ್ಲದ ತಾನು ದಾನಕ್ಕೆ ಅನರ್ಹನೆಂದು ಅಂದೇ ಮೊದಲು ತಿಳಿಯುತ್ತದೆ. ಸುದೈವದಿಂದ ಗಡುಸಾಗದ ಯಕೃತ್ತಿನಿಂದ ಕೊಬ್ಬು ಬೇಗನೆ ಕರಗುತ್ತದೆ. ತಂದೆಯ ಸ್ಥಿತಿಯು ಕಾಯುವಂತಿದ್ದರೆ ವೈದ್ಯರು ಮಗನಿಗೆ ಮಿತವಾದ ಆಹಾರವನ್ನೂ ದಿನದಿನದ ನಡಿಗೆಯನ್ನೂ ವಿಧಿಸಿ, ಕೆಲವು ವಾರಗಳು ಕಳೆದ ಮೇಲೆ ಮತ್ತೆ ಪರೀಕ್ಷೆಗೆ ಬರಹೇಳುತ್ತಾರೆ.