ಉರಿ ತಗ್ಗಿಸುವ ಕೈ

ಹಾಲು ಕಾಯಿಸಲು ಒಲೆಗೆ ಕಟ್ಟಿಗೆ ಒಡ್ಡುವ ಕೈ ಬೇಕು. ಉಕ್ಕುವ ಮುನ್ನ ಕೊಳ್ಳಿಯನ್ನು ಹಿಂದಕ್ಕೆಳೆಯುವ ಕೈಯೂ ಬೇಕು. ಜೀವಕೋಶದಲ್ಲಿಯೂ ಇಂಥದೇ ಏರ್ಪಾಡುಂಟು. ಕೈನೇಸ್ ಕಿಣ್ವಗಳು ಅಣುಗಳಿಗೆ ಫಾಸ್ಫೇಟನ್ನು ಜೋಡಿಸಿ ‘ಬೆಳೆ’ ಎಂಬ ಆಜ್ಞೆಯನ್ನು ಸಾಗಿಸಿದರೆ, ಫಾಸ್ಫಟೇಸ್ ಕಿಣ್ವಗಳು ಬಹುಮಟ್ಟಿಗೆ ಅದನ್ನು ಕಳಚಿ ಆಜ್ಞೆಯನ್ನು ಅಡಗಿಸುತ್ತವೆ.

1997ರಲ್ಲಿ ಅಮೆರಿಕದ ವಿಜ್ಞಾನಿಗಳು ಗುರುತಿಸಿದ ಪಿ-ಟೆನ್ ಅಂಥದೊಂದು ಫಾಸ್ಫಟೇಸ್. ಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುವೊಂದರಿಂದ ಫಾಸ್ಫೇಟನ್ನು ಕಳಚಿ, ‘ಎಕೆಟಿ’ ಎಂಬ ಬೆಳವಣಿಗೆಯ ಪ್ರೇರಕವನ್ನು ಅದು ಹದ್ದಿನಲ್ಲಿಡುತ್ತದೆ. ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಈ ಕೈಯೇ ಕಾಣೆಯಾಗಿರುತ್ತದೆ. ಕೋಶಗಳು ಎಗ್ಗಿಲ್ಲದೆ ಹೆಚ್ಚುತ್ತವೆ.

ಆದರೂ ಉರಿಯನ್ನು ತಗ್ಗಿಸಲು ಬೇರೊಂದು ಉಪಾಯ ದೊರೆತಿದೆ. ಎಕೆಟಿಯನ್ನೇ ತಡೆಯುವ ಕ್ಯಾಪಿವಸೆರ್ಟಿಬ್ ಮಾತ್ರೆಯನ್ನು, ಇಂಥ ದೋಷವುಳ್ಳ ಕೆಲವು ಮುಂದುವರಿದ ಸ್ತನ ಕ್ಯಾನ್ಸರುಗಳಲ್ಲಿ ಇನ್ನೊಂದು ಔಷಧದೊಡನೆ ಬಳಸಲು ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಯಾರಿಗೆ ಅದು ಒದಗೀತೆಂಬುದು ಗಡ್ಡೆಯ ಜೀನುಗಳನ್ನು ಪರೀಕ್ಷಿಸಿದಾಗಲೇ ತಿಳಿಯುವುದು.